ಮಂಜಿನಲ್ಲಿ ಇಳಿಯುವ ಕೊನೆಯ 19 ಸೆಕೆಂಡ್: ಸಣ್ಣ ವಿಮಾನಗಳು ಎಡವುವುದೆಲ್ಲಿ?

ಜನವರಿಯ ಒಂದು ಬೆಳಿಗ್ಗೆ. ಹೈದರಾಬಾದಿನಿಂದ ಬರುವ ಭಾವನನ್ನು ಕರೆತರಲು ದೇವನಹಳ್ಳಿ ಏರ್‌ಪೋರ್ಟಿಗೆ ಹೊರಟಿದ್ದೆ. ಯಲಹಂಕದವರೆಗೆ ಪರವಾಗಿರಲಿಲ್ಲ. ಚಿಕ್ಕಜಾಲ ದಾಟುವಷ್ಟರಲ್ಲಿ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಎಲ್ಲರೂ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ತೆವಳುತ್ತಿದ್ದರು. ಸಾದಹಳ್ಳಿ ಹತ್ತಿರ ಎಲ್ಲೋ ಮೇಲೆ ವಿಮಾನದ ಸದ್ದು. ಸದ್ದು ಮಾತ್ರ, ವಿಮಾನ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದೂ ಅಡಗಿತು. ಇಳಿದಿರಬೇಕು ಅಂದುಕೊಂಡೆ.

ಭಾವ ಹೊರಗೆ ಬಂದವರೇ ಮೊದಲು ಹೇಳಿದ್ದು ಇದನ್ನೇ. "ಕಿಟಕಿ ತುಂಬಾ ಬರೀ ಬಿಳಿ ಕಣೋ. ಚಕ್ರ ತಾಗಿದ ಮೇಲೇನೇ ನೆಲ ಕಂಡಿದ್ದು. ಹೆಂಗೆ ಇಳಿಸ್ತಾರೋ ಏನೋ!"

ಭಾವನ ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ. ನೂರೆಂಬತ್ತು ಜನರ ದೊಡ್ಡ ವಿಮಾನ ಇಂಥ ಬೆಳಿಗ್ಗೆಯಲ್ಲೂ ಸಲೀಸಾಗಿ ಇಳಿಯುತ್ತದೆ. ಆದರೆ ಆರೆಂಟು ಜನರ ಚಾರ್ಟರ್ ವಿಮಾನ, ತರಬೇತಿ ವಿಮಾನ, ಏರ್ ಆಂಬ್ಯುಲೆನ್ಸ್ ಇವೆಲ್ಲ ಮಂಜು, ಮಳೆ, ಮೋಡದಲ್ಲಿ ಇಳಿಯುವಾಗಲೇ ಯಾಕೆ ಮತ್ತೆ ಮತ್ತೆ ಬೀಳುತ್ತವೆ? ಮರುದಿನದ ಸುದ್ದಿಯಲ್ಲಿ "ದಟ್ಟ ಮಂಜಿನ ಕಾರಣ" ಅಂತ ಬರುತ್ತದೆ. ಅದು ಅರ್ಧ ಉತ್ತರ ಅಂತ ನನಗನಿಸುತ್ತದೆ. ಮಂಜು ಇಬ್ಬರಿಗೂ ಒಂದೇ. ಕೆಳಗೆ ರನ್‌ವೇ ಪಕ್ಕದಲ್ಲಿ ಏನಿದೆ, ಕಾಕ್‌ಪಿಟ್‌ನಲ್ಲಿ ಎಷ್ಟು ಜನ ಇದ್ದಾರೆ, ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆ ಅನ್ನುವುದರಲ್ಲೇ ವ್ಯತ್ಯಾಸ ಇರುವುದು.

ಮೊದಲು ನಮ್ಮ ಮಂಜಿನ ವಿಷಯ. ದೇವನಹಳ್ಳಿ ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಹಿಂಗಾರು ಮುಗಿಯುವ ಹೊತ್ತಿಗೆ ನೆಲ ಚೆನ್ನಾಗಿ ನೆನೆದಿರುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿ ಬೀಸದಿದ್ದರೆ ನೆಲದ ಕಾವೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ನೆಲಕ್ಕೆ ಅಂಟಿಕೊಂಡ ತೇವದ ಗಾಳಿ ತಣ್ಣಗಾಗಿ ಸಣ್ಣ ಸಣ್ಣ ಹನಿಗಳಾಗುತ್ತದೆ. ಚಕ್ಕೋತ ಗಿಡಗಳ ಮೇಲೆ, ದ್ರಾಕ್ಷಿ ಚಪ್ಪರದ ಮೇಲೆ ಕೂರುವ ಅದೇ ಮಂಜು ರನ್‌ವೇ ಮೇಲೂ ಕೂರುತ್ತದೆ. ಬೆಳಗಿನ ಜಾವ ಜಾಸ್ತಿಯಾಗಿ, ಬಿಸಿಲು ಬಂದ ಮೇಲೆ, ಎಂಟೂವರೆ ಒಂಬತ್ತರ ಹೊತ್ತಿಗೆ ಕರಗುತ್ತದೆ. ಅಂದರೆ ಎಷ್ಟೋ ಸಲ ಇದು ಒಂದೆರಡು ಗಂಟೆ ಕಾದರೆ ತಾನಾಗಿ ಬಗೆಹರಿಯುವ ತೊಂದರೆ.

ದೊಡ್ಡ ವಿಮಾನ ಕಾಯದೆ ಇಳಿಯುವುದು ಹೇಗೆ? ರನ್‌ವೇ ಪಕ್ಕದಲ್ಲಿ ಐಎಲ್ಎಸ್ ಅನ್ನುವ ವ್ಯವಸ್ಥೆ ಇರುತ್ತದೆ. ಎರಡು ರೇಡಿಯೋ ಕಿರಣಗಳು. ಒಂದು ರನ್‌ವೇಯ ನಡುಗೆರೆ ತೋರಿಸುತ್ತದೆ, ಇನ್ನೊಂದು 3 ಡಿಗ್ರಿ ಇಳಿಜಾರು ತೋರಿಸುತ್ತದೆ. ಪೈಲಟ್ ಹೊರಗೆ ನೋಡದೆಯೇ ಆ ಎರಡು ಗೆರೆ ಕೂಡುವ ದಾರಿಯಲ್ಲಿ ಇಳಿಯುತ್ತಾ ಬರಬಹುದು. ಸಾಮಾನ್ಯ ಐಎಲ್ಎಸ್ ಅಂದರೆ ಕ್ಯಾಟ್ 1 ದರ್ಜೆಯದು. ಅದರಲ್ಲಿ ನೆಲದಿಂದ 200 ಅಡಿ ಎತ್ತರದವರೆಗೆ ಬರಬಹುದು, ರನ್‌ವೇ ಮೇಲೆ ಕನಿಷ್ಠ 550 ಮೀಟರ್ ಕಾಣುತ್ತಿರಬೇಕು. ಬೆಂಗಳೂರಿನ ದಕ್ಷಿಣ ರನ್‌ವೇಯಲ್ಲಿ ಇರುವುದು ಕ್ಯಾಟ್ 3ಬಿ. 50 ಮೀಟರ್ ಕಂಡರೂ ಇಳಿಯಬಹುದು. ಆದರೆ ಅದಕ್ಕೆ ರನ್‌ವೇ ಒಂದೇ ಸಾಲದು. ವಿಮಾನಕ್ಕೂ ಆ ಸಲಕರಣೆ ಬೇಕು, ಪೈಲಟ್‌ಗೂ ಆ ತರಬೇತಿ ಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ವಿಮಾನ ಕಾಯಬೇಕು, ಇಲ್ಲ ಚೆನ್ನೈಗೋ ಹೈದರಾಬಾದಿಗೋ ತಿರುಗಬೇಕು.

ಈ 200 ಅಡಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಡೀ ವಿಷಯದ ಜೀವ ಇರುವುದು ಇಲ್ಲೇ.

ಒಂದು ಸಣ್ಣ ಜೆಟ್ 120 ನಾಟ್ ವೇಗದಲ್ಲಿ ಬರುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 62 ಮೀಟರ್. 3 ಡಿಗ್ರಿ ಇಳಿಜಾರಿನಲ್ಲಿ 200 ಅಡಿ ಎತ್ತರದಲ್ಲಿರುವಾಗ ಚಕ್ರ ತಾಗಬೇಕಾದ ಜಾಗ ಇನ್ನೂ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಆಚೆ ಇರುತ್ತದೆ. ತಲುಪಲು ಸುಮಾರು 19 ಸೆಕೆಂಡ್. ಅಲ್ಲಿಯವರೆಗೆ ಪೈಲಟ್‌ನ ಕಣ್ಣು ಒಳಗಿನ ಮೀಟರ್ ಮುಳ್ಳುಗಳ ಮೇಲೆ ಇದ್ದದ್ದು. ಈಗ ತಲೆ ಎತ್ತಿ ಹೊರಗೆ ನೋಡಬೇಕು. ರನ್‌ವೇಗೆ ಮುಂಚೆ ಇರುವ ಅಪ್ರೋಚ್ ದೀಪಗಳಾದರೂ ಕಾಣಬೇಕು. ಕಂಡರೆ ಮುಂದೆ. ಕಾಣದಿದ್ದರೆ ಆ ಕ್ಷಣವೇ ಪವರ್ ಕೊಟ್ಟು ಮೇಲೇರಬೇಕು. ಇದಕ್ಕೆ ಗೋ ಅರೌಂಡ್ ಅನ್ನುತ್ತಾರೆ. "ಇನ್ನೊಂದು ಸ್ವಲ್ಪ ಇಳಿದು ನೋಡೋಣ, ಕಾಣಬಹುದು" ಅನ್ನುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಆ "ಸ್ವಲ್ಪ" ಅಂದರೆ ಸೆಕೆಂಡಿಗೆ ಹತ್ತು ಅಡಿ.

ಇದು ಐಎಲ್ಎಸ್ ಇರುವ ಕಡೆಯ ಮಾತು. ಸಣ್ಣ ವಿಮಾನಗಳ ಅನುಕೂಲವೇ ದೊಡ್ಡ ಏರ್‌ಪೋರ್ಟ್ ಇಲ್ಲದ ಊರಿಗೆ ಹೋಗುವುದು. ಜಿಲ್ಲೆಯ ಏರ್‌ಸ್ಟ್ರಿಪ್, ಕಾರ್ಖಾನೆಯ ಏರ್‌ಸ್ಟ್ರಿಪ್, ಫ್ಲೈಯಿಂಗ್ ಸ್ಕೂಲಿನ ರನ್‌ವೇ. ಇಂಥ ಬಹಳಷ್ಟು ಕಡೆ ಐಎಲ್ಎಸ್ ಇರುವುದಿಲ್ಲ, ಅಪ್ರೋಚ್ ದೀಪದ ಸಾಲು ಇರುವುದಿಲ್ಲ. ಹವಾಮಾನ ಇಲಾಖೆಯ ಮನುಷ್ಯನೂ ಇರುವುದಿಲ್ಲ. ಅಲ್ಲಿ ಇಳಿಯಬೇಕಾದದ್ದು ಕಣ್ಣಳತೆಯಲ್ಲಿ. ಹೀಗೆ ಕಣ್ಣಿಂದ ನೋಡಿ ಹಾರುವುದಕ್ಕೆ ಸಾಮಾನ್ಯ ನಿಯಮ 5 ಕಿಲೋಮೀಟರ್ ಕಾಣಬೇಕು ಅಂತ. ನಿಯಮ ಸರಿಯಾಗಿಯೇ ಇದೆ. ಆದರೆ ಅಲ್ಲಿ 5 ಕಿಲೋಮೀಟರ್ ಕಾಣುತ್ತಿದೆಯೋ 2 ಕಿಲೋಮೀಟರ್ ಕಾಣುತ್ತಿದೆಯೋ ಅಂತ ಅಳೆದು ಹೇಳುವವರು ಯಾರು? ಎಷ್ಟೋ ಕಡೆ ಕೆಳಗೆ ನಿಂತವರು "ಆ ಗುಡ್ಡ ಕಾಣ್ತಿದೆ, ಈ ಟವರ್ ಕಾಣ್ತಿದೆ" ಅಂತ ಅಂದಾಜಿನಲ್ಲಿ ಹೇಳಬೇಕು. ಕೆಳಗೆ ನಿಂತು ಅಡ್ಡಕ್ಕೆ ನೋಡಿದವನ ಕಣ್ಣಿಗೂ ಮೇಲಿಂದ ಓರೆಯಾಗಿ ನೋಡುವವನ ಕಣ್ಣಿಗೂ ಕಾಣುವುದು ಒಂದೇ ಅಲ್ಲ.

2023ರ ಜನವರಿ ಮೊದಲ ವಾರದಲ್ಲಿ ಮಧ್ಯಪ್ರದೇಶದ ರೀವಾದಲ್ಲಿ ಆದದ್ದು ಇದಕ್ಕೆ ಹತ್ತಿರದ ಉದಾಹರಣೆ. ರಾತ್ರಿ ಹೊತ್ತು, ಮಂಜು ಕವಿದಿತ್ತು. ತರಬೇತಿ ವಿಮಾನವೊಂದು ಏರ್‌ಸ್ಟ್ರಿಪ್ ಹತ್ತಿರದ ಹಳ್ಳಿಯ ದೇವಸ್ಥಾನದ ಶಿಖರಕ್ಕೆ ಬಡಿದು ಬಿತ್ತು. ಕಲಿಸುತ್ತಿದ್ದ ಪೈಲಟ್ ತೀರಿಕೊಂಡರು, ಕಲಿಯುತ್ತಿದ್ದವರು ಗಾಯಗೊಂಡರು. ಅದೇ ವರ್ಷ ಸೆಪ್ಟೆಂಬರ್ 14ರಂದು ಮುಂಬೈಯಲ್ಲಿ ಲಿಯರ್‌ಜೆಟ್ 45 ಚಾರ್ಟರ್ ವಿಮಾನ ಜೋರು ಮಳೆಯಲ್ಲಿ ಇಳಿಯುವಾಗ ರನ್‌ವೇಯಿಂದ ಜಾರಿ ಮುರಿದುಬಿತ್ತು. ಆಗ ಕಾಣುತ್ತಿದ್ದದ್ದು 700 ಮೀಟರ್. ಒಳಗಿದ್ದ 8 ಜನರೂ ಉಳಿದರು. ಮುಂಬೈಯಂಥ ದೊಡ್ಡ ಏರ್‌ಪೋರ್ಟಿನ ನೆರವೆಲ್ಲ ಇದ್ದೂ ಹೀಗಾಯಿತು ಅಂದರೆ, ಏನೂ ಇಲ್ಲದ ಕಡೆ ಹೇಗಿರಬೇಡ?

ಸೌಲಭ್ಯ ಇದ್ದೂ ಕೆಟ್ಟು ನಿಂತಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಸ್ಯಾನ್ ಡಿಯೇಗೋ ನೋಡಿ. 2025ರ ಮೇ 22, ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮುಂಚೆ. ದಟ್ಟ ಮಂಜು. ಸೆಸ್ನಾ ಸೈಟೇಶನ್ ಜೆಟ್ ಸಣ್ಣ ಏರ್‌ಪೋರ್ಟ್ ಒಂದಕ್ಕೆ ಇಳಿಯಲು ಬರುತ್ತಿತ್ತು. ಆ ಏರ್‌ಪೋರ್ಟಿನ ಹವಾಮಾನ ಹೇಳುವ ಯಂತ್ರ ಅಂದು ಕೆಟ್ಟಿತ್ತು. ಅಪ್ರೋಚ್ ದೀಪಗಳೂ ಸರಿ ಇರಲಿಲ್ಲ. ವಿಮಾನ ಕರೆಂಟ್ ತಂತಿಗೆ ತಗುಲಿ ಮನೆಗಳ ಮೇಲೆ ಬಿತ್ತು. ಒಳಗಿದ್ದ 6 ಜನರೂ ಸತ್ತರು. ಅಷ್ಟು ಶ್ರೀಮಂತ ದೇಶದಲ್ಲೂ ಒಂದು ಯಂತ್ರ, ಒಂದು ಸಾಲು ದೀಪ ಕೆಟ್ಟಾಗ ಪೈಲಟ್‌ಗೆ ಉಳಿದದ್ದು ಊಹೆ.

ಇನ್ನು ಕಾಕ್‌ಪಿಟ್ ಒಳಗೆ. ಹೊರಗೆ ಏನೂ ಕಾಣದಾಗ ಮನುಷ್ಯನ ದೇಹವೇ ಅವನಿಗೆ ಸುಳ್ಳು ಹೇಳುತ್ತದೆ. ಚಿಕ್ಕವರಿದ್ದಾಗ ಕೈ ಚಾಚಿ ಗಿರಗಿರ ತಿರುಗಿ ಥಟ್ಟನೆ ನಿಂತಿದ್ದು ನೆನಪಿದೆ ಅಲ್ವಾ? ನಾವು ನಿಂತಿದ್ದರೂ ಲೋಕ ತಿರುಗುತ್ತಿರುತ್ತಿತ್ತು. ಕಿವಿಯೊಳಗಿನ ಸಣ್ಣ ಕೊಳವೆಗಳಲ್ಲಿರುವ ದ್ರವ ಇನ್ನೂ ಓಡುತ್ತಿರುವುದೇ ಕಾರಣ. ಮೋಡದೊಳಗೆ ವಿಮಾನ ನಿಧಾನವಾಗಿ ಒಂದು ಕಡೆ ವಾಲಿ ತಿರುಗುತ್ತಿದ್ದರೆ, ಸ್ವಲ್ಪ ಹೊತ್ತಿನ ಮೇಲೆ ಕಿವಿಗೆ ಅದು ನೇರ ಹೋಗುತ್ತಿದೆ ಅನಿಸುತ್ತದೆ. ಸರಿಮಾಡಿದರೆ ಈಗ ಆ ಕಡೆ ವಾಲಿತು ಅನಿಸುತ್ತದೆ. ಗೋ ಅರೌಂಡ್ ಮಾಡಲು ಜೋರಾಗಿ ಪವರ್ ಕೊಟ್ಟಾಗ ವಿಮಾನದ ಮೂತಿ ವಿಪರೀತ ಮೇಲೆದ್ದಂತೆ ಭ್ರಮೆಯಾಗುತ್ತದೆ. ಗಾಬರಿಯಲ್ಲಿ ಮೂತಿ ಕೆಳಗೆ ಒತ್ತುತ್ತಾರೆ. ನೆಲ ಹತ್ತಿರದಲ್ಲೇ ಇರುತ್ತದೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಜನರನ್ನು ಮೋಡದಂಥ ಸ್ಥಿತಿಯಲ್ಲಿಟ್ಟು ಪರೀಕ್ಷಿಸಿದರು. 20 ಜನರೂ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡ್‌ನಲ್ಲಿ. ಮೂರು ನಿಮಿಷ ಕೂಡ ಇಲ್ಲ. ಬಹಳ ಹಳೆಯ, ಸಣ್ಣ ಪ್ರಯೋಗ ಅದು. ಆದರೆ ಕಿವಿ ಅಂದಿನಿಂದ ಇಂದಿಗೆ ಬದಲಾಗಿಲ್ಲ.

ತರಬೇತಿ ಇದ್ದವರನ್ನೂ ಇದು ಬಿಡುವುದಿಲ್ಲ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಇದ್ದ ವಾಯುಪಡೆಯ ಹೆಲಿಕಾಪ್ಟರ್ ಇಳಿಯಲು ಕೆಲವೇ ನಿಮಿಷ ಇರುವಾಗ ಬಿತ್ತು. ಕಣಿವೆಯಲ್ಲಿ ಹವಾಮಾನ ಇದ್ದಕ್ಕಿದ್ದಂತೆ ಬದಲಾಗಿ ಮೋಡದೊಳಗೆ ಸಿಕ್ಕು, ದಿಕ್ಕಿನ ಅರಿವು ತಪ್ಪಿ, ಯಂತ್ರ ಕೆಡದೆ ಹತೋಟಿಯಲ್ಲೇ ಇದ್ದ ಹೆಲಿಕಾಪ್ಟರ್ ನೆಲಕ್ಕೆ ಬಡಿಯಿತು ಅಂತ ಮೂರೂ ಸೇನೆಗಳ ಜಂಟಿ ತನಿಖೆ ಹೇಳಿತು. ಅದರಲ್ಲಿ ಬದುಕಿ ಉಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅವರನ್ನು ತಂದದ್ದು ನಮ್ಮ ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ. ಒಂದು ವಾರ ಊರಿಗೆ ಊರೇ ಹಾರೈಸಿತ್ತು. ಡಿಸೆಂಬರ್ 15ರಂದು ಅವರೂ ಹೋದರು.

ಮಂಜಿನಲ್ಲಿ ಇನ್ನೊಂದು ಮೋಸ ಇದೆ. ತೆಳು ಮಂಜು ನೆಲಕ್ಕೆ ಚಾಪೆಯಂತೆ ಹಾಸಿರುವಾಗ ಮೇಲಿಂದ ನೋಡಿದರೆ ರನ್‌ವೇ ದೀಪಗಳು ಚೆನ್ನಾಗಿಯೇ ಕಾಣುತ್ತವೆ. ತಿಳಿನೀರಿನ ಬಾವಿಗೆ ಬಗ್ಗಿ ನೋಡಿದಂತೆ. ತಳದ ಕಲ್ಲೂ ಕಾಣುತ್ತದೆ. ನೀರಿಗಿಳಿದು ಅಡ್ಡಕ್ಕೆ ನೋಡಿ, ಎರಡು ಮಾರು ಆಚೆ ಏನೂ ಕಾಣದು. ಪೈಲಟ್ "ರನ್‌ವೇ ಕಾಣ್ತಿದೆ" ಅಂತ ನಂಬಿ ಇಳಿಯುತ್ತಾನೆ. ಕೊನೆಯ ಐವತ್ತು ಅಡಿಯಲ್ಲಿ ಆ ಚಾಪೆಯೊಳಗೆ ಹೊಕ್ಕಾಗ ಎಲ್ಲ ಮಾಯ. ಆದ್ದರಿಂದ ಅಪಘಾತವಾದ ಮೇಲೆ "ರನ್‌ವೇ ಕಾಣ್ತಿದೆ ಅಂತ ಅವನೇ ಹೇಳಿದ್ದನಲ್ಲ" ಅಂತ ಪೈಲಟ್ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಅವನು ಕಂಡದ್ದನ್ನೇ ಹೇಳಿರುತ್ತಾನೆ.

ದೊಡ್ಡ ವಿಮಾನದಲ್ಲಿ ಇಬ್ಬರು ಪೈಲಟ್‌ಗಳಿರುತ್ತಾರೆ. ಒಬ್ಬರು ಒಳಗಿನ ಮುಳ್ಳು ನೋಡಿದರೆ ಇನ್ನೊಬ್ಬರು ಹೊರಗೆ ನೋಡುತ್ತಾರೆ. ನೆಲ ಹತ್ತಿರ ಬಂದರೆ ಕಿರುಚಿ ಎಚ್ಚರಿಸುವ ಯಂತ್ರ ಇರುತ್ತದೆ. ಸಣ್ಣ ಪಿಸ್ಟನ್ ವಿಮಾನದಲ್ಲಿ ಒಬ್ಬರೇ ಹಾರಿಸಬೇಕು, ರೇಡಿಯೋದಲ್ಲಿ ಮಾತಾಡಬೇಕು, ಮ್ಯಾಪ್ ನೋಡಬೇಕು, ಹೊರಗೆ ರನ್‌ವೇಯನ್ನೂ ಹುಡುಕಬೇಕು.

ಈಗ ಹಿಂದಿನ ಸೀಟಿಗೆ ಬರೋಣ. ನನಗೆ ಜಾಸ್ತಿ ಸಂಕಟ ಕೊಡುವ ಭಾಗ ಇದು.

2001ರ ಮಾರ್ಚ್ 29ರ ಸಂಜೆ. ಲಾಸ್ ಏಂಜಲೀಸ್ ಕಡೆಯಿಂದ ಹೊರಟ ಗಲ್ಫ್‌ಸ್ಟ್ರೀಮ್ ಚಾರ್ಟರ್ ಜೆಟ್ ಕೊಲೊರಾಡೋದ ಆಸ್ಪೆನ್‌ಗೆ ಹೋಗುತ್ತಿತ್ತು. ಸುತ್ತ ಬೆಟ್ಟ, ಹಿಮ ಬೀಳುತ್ತಿತ್ತು, ಕತ್ತಲಾಗುತ್ತಿತ್ತು. ಹೊತ್ತು ಮೀರಿದರೆ ಅಲ್ಲಿ ಇಳಿಯಲು ಬಿಡುವುದಿಲ್ಲ. ವಿಮಾನ ಮೊದಲೇ ತಡವಾಗಿತ್ತು. ಬೇರೆ ಊರಿಗೆ ತಿರುಗಿಸಬೇಕಾಗಬಹುದು ಅಂದಾಗ ಬಾಡಿಗೆಗೆ ತೆಗೆದುಕೊಂಡವರ ಕಡೆಯಿಂದ ಸಿಟ್ಟು ಬಂದಿತ್ತು. ಮುಂಚೆ ಬಂದ ವಿಮಾನಗಳು ರನ್‌ವೇ ಕಾಣದೆ ಮೇಲೇರಿ ಹೋಗಿದ್ದವು. ಇವರು ಇಳಿಯಬಹುದಾದ ಕನಿಷ್ಠ ಎತ್ತರಕ್ಕಿಂತ ಕೆಳಗೆ ಬಂದರು. 18 ಜನರೂ ಸತ್ತರು. ರನ್‌ವೇ ಕಾಣದೆ ಇಳಿದದ್ದೇ ಮುಖ್ಯ ಕಾರಣ ಅಂದ ತನಿಖಾ ಮಂಡಳಿ, ಗಿರಾಕಿಯಿಂದ ಕ್ಯಾಪ್ಟನ್ ಮೇಲಿದ್ದ ಒತ್ತಡವನ್ನೂ ಕಾರಣಗಳ ಸಾಲಿನಲ್ಲಿ ಬರೆಯಿತು.

ಒತ್ತಡ ಯಾರೂ ಹಾಕದೆಯೂ ಬರುತ್ತದೆ. 2020ರ ಜನವರಿ 26ರಂದು ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ 9 ಜನ ಸತ್ತ ಹೆಲಿಕಾಪ್ಟರ್ ಅಪಘಾತದಲ್ಲಿ ತನಿಖೆ ಹೇಳಿದ್ದು, ಪೈಲಟ್ ತನ್ನ ಮೇಲೆ ತಾನೇ ಒತ್ತಡ ಹೇರಿಕೊಂಡಿರಬಹುದು ಅಂತ. ಬೇಕಾದವರು ಹಿಂದೆ ಕೂತಿದ್ದಾರೆ, ನಂಬಿ ಬಂದಿದ್ದಾರೆ, ಸಮಯಕ್ಕೆ ಮುಟ್ಟಿಸಬೇಕು. ಊರಿನ ಹಬ್ಬಕ್ಕೆ ಬಾಡಿಗೆ ಕಾರಿನಲ್ಲಿ ಹೊರಟಾಗ ನಿದ್ದೆಗಣ್ಣಿನಲ್ಲೂ "ಪರವಾಗಿಲ್ಲ ಸಾರ್, ಹೋಗೋಣ" ಅನ್ನುವ ಡ್ರೈವರ್‌ನನ್ನು ನಾವೆಲ್ಲ ನೋಡಿದ್ದೇವೆ. ಆ ಮನಸ್ಸೇ ಇದು.

ನಮ್ಮಲ್ಲಿ ಚುನಾವಣೆ ಬಂದರೆ ಎಚ್ಎಎಲ್‌ನಿಂದ, ಜಕ್ಕೂರಿನಿಂದ ಬೆಳಿಗ್ಗೆ ಹೊರಟು ದಿನಕ್ಕೆ ಮೂರ್ನಾಲ್ಕು ಊರು ಮುಟ್ಟಬೇಕು. ಅಲ್ಲಿ ಜನ ಕಾಯುತ್ತಿರುತ್ತಾರೆ, ಶಾಮಿಯಾನ ಹಾಕಿರುತ್ತದೆ. ಸೌಂದರ್ಯ ಅವರನ್ನು ಕಳೆದುಕೊಂಡದ್ದೂ ಪ್ರಚಾರಕ್ಕೆ ಹೊರಟ ದಿನವೇ, 2004ರ ಏಪ್ರಿಲ್ 17ರಂದು, ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ. ಅದು ಮಂಜಿನ ಅಪಘಾತ ಅಲ್ಲ, ಇಳಿಯುವಾಗ ಆದದ್ದೂ ಅಲ್ಲ. ಆದರೂ ಬೆಂಗಳೂರಿನವರಿಗೆ ಸಣ್ಣ ವಿಮಾನ ಅಂದರೆ ಇವತ್ತಿಗೂ ಮನಸ್ಸಿಗೆ ಬರುವುದು ಅದೇ.

ಏರ್ ಆಂಬ್ಯುಲೆನ್ಸ್ ಅಂದರೆ ಒತ್ತಡ ಇನ್ನೂ ಜಾಸ್ತಿ. ಒಳಗೆ ಜೀವ ಹಿಡಿದುಕೊಂಡ ರೋಗಿ. 2011ರ ಮೇ 25ರ ರಾತ್ರಿ ರೋಗಿಯನ್ನು ಹೊತ್ತು ದೆಹಲಿಗೆ ಇಳಿಯಲು ಬರುತ್ತಿದ್ದ ಪಿಲಾಟಸ್ ವಿಮಾನ ಕೆಟ್ಟ ಹವೆಯಲ್ಲಿ ಸಿಕ್ಕು ಫರೀದಾಬಾದಿನ ಮನೆಗಳ ಮೇಲೆ ಬಿತ್ತು. ಒಳಗಿದ್ದ 7 ಜನ, ನೆಲದ ಮೇಲಿದ್ದ 3 ಜನ ಸತ್ತರು.

ಹಾಗಾದರೆ ಮಾಡಬಹುದಾದ್ದು ಏನು? ಪ್ರತಿ ಏರ್‌ಸ್ಟ್ರಿಪ್‌ಗೂ ಐಎಲ್ಎಸ್ ಹಾಕುವುದು ಆಗದ ಮಾತು. ದುಬಾರಿ, ನೋಡಿಕೊಳ್ಳಲು ಜನ ಬೇಕು. ಆದರೆ ಇದಕ್ಕೊಂದು ದಾರಿ ಇದೆ, ಅದರ ಬೇರು ಇರುವುದು ನಮ್ಮ ಕುಂದಲಹಳ್ಳಿಯಲ್ಲಿ. ಐಟಿ ಕಂಪನಿಗಳ ಟ್ರಾಫಿಕ್ಕಿನಿಂದ ಹೆಸರಾದ ಆ ಜಾಗದಲ್ಲೇ ಗಗನ್ ವ್ಯವಸ್ಥೆಯ ಕಂಟ್ರೋಲ್ ಸೆಂಟರ್ ಇದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ್ದು. ದೇಶದ ಬೇರೆ ಬೇರೆ ಕಡೆ ಇರುವ ನೆಲಕೇಂದ್ರಗಳು ಜಿಪಿಎಸ್‌ನ ತಪ್ಪನ್ನು ಲೆಕ್ಕ ಹಾಕುತ್ತವೆ. ತಿದ್ದಿದ ಲೆಕ್ಕವನ್ನು ಜಿಸ್ಯಾಟ್ ಉಪಗ್ರಹಗಳ ಮೂಲಕ ವಿಮಾನಕ್ಕೆ ಕಳಿಸುತ್ತಾರೆ. ಆಗ ರನ್‌ವೇ ಪಕ್ಕದಲ್ಲಿ ಯಾವ ರೇಡಿಯೋ ಕಂಬವೂ ಇಲ್ಲದೆ, ನಡುಗೆರೆ ಮತ್ತು ಇಳಿಜಾರು ಎರಡೂ ಪೈಲಟ್‌ಗೆ ಸಿಗುತ್ತವೆ. 2015ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನ ಗಗನ್ ಬಳಸಿ ಇಳಿದು ತೋರಿಸಿತು.

ಸುಮ್ನೆ ಉಪಗ್ರಹ ಇದ್ದರೆ ಆಗಲಿಲ್ಲ. ಏರ್‌ಸ್ಟ್ರಿಪ್ ಸುತ್ತ ಏನೇನಿದೆ ಅಂತ ಅಳೆಯಬೇಕು. ರೀವಾದ ಶಿಖರ, ಸ್ಯಾನ್ ಡಿಯೇಗೋದ ತಂತಿ ನೆನಪಿಸಿಕೊಳ್ಳಿ. ನಮ್ಮಲ್ಲಿ ಒಂದು ವರ್ಷ ಬಿಟ್ಟು ನೋಡಿದರೆ ಹೊಲವಿದ್ದ ಕಡೆ ಅಪಾರ್ಟ್‌ಮೆಂಟ್ ಎದ್ದಿರುತ್ತದೆ, ಮೊಬೈಲ್ ಟವರ್ ನಿಂತಿರುತ್ತದೆ. ಆಮೇಲೆ ಇಳಿಯುವ ದಾರಿ ರೂಪಿಸಿ ಒಪ್ಪಿಗೆ ಪಡೆಯಬೇಕು. ವಿಮಾನದಲ್ಲಿ ಅದಕ್ಕೆ ತಕ್ಕ ರಿಸೀವರ್ ಇರಬೇಕು, ಪೈಲಟ್ ಕಲಿತಿರಬೇಕು.

ಕಾಣುವ ದೂರ ಅಳೆಯುವ ಯಂತ್ರವೂ ಬೆಂಗಳೂರಿನದೇ. ಇಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಎನ್ಎಎಲ್ ಮಾಡಿದ 'ದೃಷ್ಟಿ'. ಒಂದು ಕಂಬದಿಂದ ಬೆಳಕು ಬಿಟ್ಟು ಇನ್ನೊಂದು ಕಂಬದಲ್ಲಿ ಎಷ್ಟು ತಲುಪಿತು ಅಂತ ಅಳೆಯುತ್ತದೆ. ಮಂಜು ತಿಂದ ಬೆಳಕಿನ ಲೆಕ್ಕದಿಂದ ಎಷ್ಟು ಮೀಟರ್ ಕಾಣುತ್ತದೆ ಅಂತ ಹೇಳುತ್ತದೆ. ದೆಹಲಿ ಸೇರಿ ಹಲವು ಏರ್‌ಪೋರ್ಟ್‌ಗಳಲ್ಲಿ ಇದು ಕೆಲಸ ಮಾಡುತ್ತಿದೆ. ಚಾರ್ಟರ್ ವಿಮಾನಗಳು ಇಳಿಯುವ ಜಿಲ್ಲಾ ಏರ್‌ಸ್ಟ್ರಿಪ್‌ಗಳಿಗೆ ಮೊದಲು ಬೇಕಾದದ್ದು ಇಂಥ ಅಳತೆ ಅಂತ ನನ್ನ ಅಭಿಪ್ರಾಯ. ಟರ್ಮಿನಲ್ ಕಟ್ಟಡ, ವಿಐಪಿ ಲಾಂಜ್ ಆಮೇಲಾದರೂ ಆಗಲಿ. ಹೊರಡುವ ಮೊದಲೇ "ಅಲ್ಲಿ 1800 ಮೀಟರ್ ಮಾತ್ರ ಕಾಣ್ತಿದೆ" ಅಂತ ಒಂದು ಅಂಕಿ ಕೈಗೆ ಬಂದರೆ ಪೈಲಟ್‌ಗೆ ಬೇಡ ಅನ್ನಲು ಬಲ ಬರುತ್ತದೆ. ಸಾಹೇಬರಿಗೆ "ಹವೆ ಸರಿ ಇಲ್ಲ ಸಾರ್" ಅನ್ನುವುದಕ್ಕೂ ಅಂಕಿ ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ.

ಬಾಡಿಗೆ ವಿಮಾನ ಹತ್ತುವವರು, ಅಥವಾ ಮನೆಯವರಿಗಾಗಿ ಏರ್ ಆಂಬ್ಯುಲೆನ್ಸ್ ಗೊತ್ತುಮಾಡುವವರು, ಹೊರಡುವ ಮೊದಲು ಎರಡು ಮಾತು ಕೇಳಿ. ಇಳಿಯುವ ಕಡೆ ಐಎಲ್ಎಸ್ ಇದೆಯಾ? ಕಾಣದಿದ್ದರೆ ಯಾವ ಊರಿಗೆ ಹೋಗುತ್ತೀರಿ? ಎರಡನೆಯದಕ್ಕೆ ಥಟ್ಟನೆ ಉತ್ತರ ಬಂದರೆ ಪೈಲಟ್ ಯೋಚನೆ ಮಾಡಿದ್ದಾರೆ ಅಂತ ಅರ್ಥ. "ಅಲ್ಲಿಗೆ ಹೋದರೂ ಪರವಾಗಿಲ್ಲ, ನಾವು ಕಾರಿನಲ್ಲಿ ಹೋಗ್ತೀವಿ" ಅಂತ ನೀವೇ ಮೊದಲು ಹೇಳಿಬಿಡಿ. ಆ 19 ಸೆಕೆಂಡ್‌ನಲ್ಲಿ ಪೈಲಟ್‌ನ ಕೈ ಹಗುರವಾಗುತ್ತದೆ.

ಅವತ್ತು ವಾಪಸ್ ಬರುವಾಗ ಎಂಟು ಗಂಟೆ ದಾಟಿತ್ತು. ಜಕ್ಕೂರು ಬಳಿ ಫ್ಲೈಓವರ್ ಮೇಲಿಂದ ಏರ್‌ಫೀಲ್ಡ್ ಅರೆಬರೆ ಕಾಣುತ್ತಿತ್ತು. ದಶಕಗಳಿಂದ ಸರ್ಕಾರಿ ಫ್ಲೈಯಿಂಗ್ ಸ್ಕೂಲ್ ಇರುವ ಜಾಗ. ಅಂಚಿನಲ್ಲಿ ಎರಡು ಪುಟ್ಟ ಬಿಳಿ ವಿಮಾನಗಳು ಇಬ್ಬನಿಯಲ್ಲಿ ನೆನೆದು ನಿಂತಿದ್ದವು. ಪಕ್ಕದಲ್ಲಿ ನಾಲ್ಕೈದು ಹುಡುಗರು ಜಾಕೆಟ್ ಜೇಬಿನಲ್ಲಿ ಕೈ ಹಾಕಿಕೊಂಡು ಆಕಾಶ ನೋಡುತ್ತಿದ್ದರು.

"ನಂದು ಅಷ್ಟು ದೊಡ್ಡ ವಿಮಾನ, ಒಂದು ಗಂಟೆ ಹಿಂದೆ ಇದಕ್ಕಿಂತ ದಟ್ಟ ಮಂಜಲ್ಲೇ ಇಳೀತು," ಅಂದರು ಭಾವ. "ಇವು ಯಾಕೆ ಇನ್ನೂ ನಿಂತಿವೆ?"

"ಫ್ಲೈಓವರ್ ಮೇಲಿಂದ ನಮಗೇ ಅವು ಸರಿಯಾಗಿ ಕಾಣ್ತಿಲ್ವಲ್ಲ ಭಾವ," ಅಂದೆ. "ಅವರಿಗೆ ಈ ಫ್ಲೈಓವರ್ ಕಾಣಬೇಕು. ಅದಕ್ಕೆ ಕಾಯ್ತಿದ್ದಾರೆ."